ಯಾವ ಗುಂಪಿಗೆ ಸೇರೋಣ, ಮೇಡಂ?

ಮಕ್ಕಳನ್ನು ಮನೆಯಲ್ಲೇ ಓದಿಸುವವರು ಬರೆಯುವ ಪತ್ರಗಳಲ್ಲಿ ಸಾಮಾನ್ಯವಾಗಿ ಗಣಿತ, ಪಠ್ಯಕ್ರಮ, ಪರೀಕ್ಷೆ ಇವುಗಳದ್ದೇ ಚಿಂತೆ. ಈ ಸಲ ಹಾಗಿಲ್ಲ. ನಮ್ಮಂಥ ಬೇರೆ ಕುಟುಂಬಗಳನ್ನು ಹುಡುಕುವುದು ಹೇಗೆ, ಸಿಕ್ಕವರ ಜೊತೆ ಏಗುವುದು ಹೇಗೆ ಎಂದು ಕೇಳಿದವರೇ ಹೆಚ್ಚು. ನಾನೂ ಇಬ್ಬರು ಮಕ್ಕಳನ್ನು ಮನೆಯಲ್ಲೇ ಓದಿಸಿದವಳು, ಕೆಲವು ಗುಂಪುಗಳ ಒಳಹೊರಗು ಕಂಡವಳು. ಉತ್ತರಗಳಲ್ಲಿ ನನ್ನ ಪಕ್ಷಪಾತ ಕಂಡರೆ ಅದು ಇದ್ದೇ ಇದೆ ಅಂದುಕೊಳ್ಳಿ.

ನಮ್ಮ ಮಗಳಿಗೆ ಏಳು ವರ್ಷ. ಹತ್ತಿರದಲ್ಲೇ ಎರಡು ಗುಂಪುಗಳಿವೆ. ಒಂದರಲ್ಲಿ ವಾರಕ್ಕೊಮ್ಮೆ ಪಾರ್ಕಿನಲ್ಲಿ ಸೇರುತ್ತಾರೆ, ಪಾಠಗೀಟ ಏನೂ ಇಲ್ಲ, ಬರೀ ಆಟ. ಇನ್ನೊಂದು ಕೋ-ಆಪ್: ವೇಳಾಪಟ್ಟಿ ಇದೆ, ವಿಜ್ಞಾನ, ಚಿತ್ರಕಲೆ, ನಾಟಕ ಇದೆ, ಆದರೆ ಪ್ರತಿ ಪೋಷಕರೂ ಒಂದು ವಿಷಯ ಕಲಿಸಲೇಬೇಕು. ನನ್ನ ಗಂಡನಿಗೆ ಎರಡನೆಯದು ಇಷ್ಟ. ನನಗೆ ಮೂವತ್ತು ಮಕ್ಕಳ ಮುಂದೆ ನಿಲ್ಲುವುದೆಂದರೇ ಭಯ. ಯಾವುದು ಒಳ್ಳೆಯದು?

ಯಾವುದು ಒಳ್ಳೆಯದು ಅನ್ನುವುದಕ್ಕಿಂತ ಮೊದಲು, ನಿಮಗೆ ಈಗ ಏನು ಕಡಿಮೆಯಾಗಿದೆ ಹೇಳಿ. ಮಗಳಿಗೆ ಆಡಲು ಜೊತೆ ಇಲ್ಲವೇ? ಮನೆಯಲ್ಲಿ ಮಾಡಲಾಗದ ಪ್ರಯೋಗ, ನಾಟಕ, ಚರ್ಚೆ ಬೇಕೇ? ಅಥವಾ ಇಡೀ ದಿನ ಮಗುವಿನ ಜೊತೆಗೇ ಇದ್ದು ನಿಮಗೇ ದೊಡ್ಡವರೊಬ್ಬರ ಜೊತೆ ಮಾತಾಡಬೇಕು ಅನ್ನಿಸುತ್ತಿದೆಯೇ? ಈ ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ನನಗೆ ಗೊತ್ತಿರುವ ತಾಯಂದಿರಲ್ಲಿ ಅರ್ಧದಷ್ಟು ಜನ ಗುಂಪು ಹುಡುಕಿಕೊಂಡು ಹೊರಟಿದ್ದು ಅದಕ್ಕೇ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಜೊತೆ ಬೇಕಿದ್ದರೆ ಪಾರ್ಕಿನ ಗುಂಪು ಸಾಕು. ಏಳು ವರ್ಷದ ಮಗುವಿಗೆ ಯಾರೂ ಗಡಿಯಾರ ನೋಡದ ಎರಡು ಗಂಟೆಯ ಆಟದಲ್ಲಿ ಸಿಗುವುದು ಯಾವ ವೇಳಾಪಟ್ಟಿಯಲ್ಲೂ ಸಿಗುವುದಿಲ್ಲ. ಒಂದೇ ಎಚ್ಚರಿಕೆ. ಇಂಥ ಗುಂಪಿಗೆ ಈ ವಾರ ಬಂದವರು ಮುಂದಿನ ವಾರ ಬರುವುದಿಲ್ಲ. ಮಕ್ಕಳ ಸ್ನೇಹ ಬೆಳೆಯುವುದು ಅದೇ ಮುಖಗಳನ್ನು ಮತ್ತೆ ಮತ್ತೆ ನೋಡುವುದರಿಂದ. ಹಾಗಾಗಿ ‘ಎಷ್ಟು ಕುಟುಂಬಗಳಿವೆ’ ಎಂದು ಕೇಳಬೇಡಿ, ‘ತಪ್ಪದೇ ಬರುವವರು ಯಾರು’ ಎಂದು ಕೇಳಿ. ಪಟ್ಟಿಯಲ್ಲಿ ನಲವತ್ತು ಹೆಸರಿದ್ದು ಬರುವವರು ಆರು ಮಂದಿ ಅನ್ನುವುದು ತೀರಾ ಸಾಮಾನ್ಯ. ಆ ಆರು ಮಂದಿ ಖಾಯಂ ಆಗಿದ್ದರೆ ಅದು ಒಳ್ಳೆಯ ಗುಂಪೇ.

ಇನ್ನು ಕೋ-ಆಪ್. ಅಲ್ಲಿಗೆ ಸೇರುವುದೆಂದರೆ ಮಗುವಿಗೆ ತರಗತಿ ಸಿಗುವುದಷ್ಟೇ ಅಲ್ಲ, ನಿಮ್ಮ ಹೆಗಲಿಗೊಂದು ಕೆಲಸವೂ ಬಂದಂತೆ. ವಾರಕ್ಕೊಂದು ಗಂಟೆ ಕಲಿಸಲು ಎರಡು ಗಂಟೆ ತಯಾರಿ ಬೇಕು, ಸಾಮಾನು ಹೊಂದಿಸಬೇಕು, ನಿಮ್ಮ ಮಗುವಿಗೆ ಜ್ವರ ಬಂದ ದಿನ ಬದಲಿಯವರನ್ನು ಹುಡುಕಬೇಕು. ಆದರೆ ‘ಕಲಿಸಲೇಬೇಕು’ ಎಂದು ನಿಯಮದಲ್ಲಿದ್ದರೂ ಬಹಳ ಕಡೆ ಅದಕ್ಕೆ ಪರ್ಯಾಯ ಇರುತ್ತದೆ. ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದು, ಲೆಕ್ಕಪತ್ರ, ಜಾಗದ ಬುಕಿಂಗ್, ಕೊನೆಗೆ ಕುರ್ಚಿ ಜೋಡಿಸಿ ಗುಡಿಸುವುದು. ಇವುಗಳಿಗೆ ಯಾವಾಗಲೂ ಜನ ಸಾಲದು. ಲೆಕ್ಕ ಇಡುತ್ತೇನೆ ಎಂದು ನೀವಾಗಿಯೇ ಹೇಳಿ ನೋಡಿ, ನಿಮ್ಮನ್ನು ಎರಡೂ ಕೈ ಚಾಚಿ ಕರೆದುಕೊಳ್ಳುತ್ತಾರೆ. ಅಂದಹಾಗೆ, ಕೋ-ಆಪ್ ಮೇಲೆ ಅಷ್ಟು ಒಲವಿರುವ ನಿಮ್ಮ ಯಜಮಾನರು ಕಲಿಸಬಾರದೆಂದು ಎಲ್ಲಿ ಬರೆದಿದೆ?

ಸೇರುವ ಮೊದಲು ಒಂದು ಮಾಮೂಲಿ ದಿನ ಹೋಗಿ ಕೂತು ನೋಡಿ. ವಾರ್ಷಿಕ ಪ್ರದರ್ಶನದ ದಿನ ಬೇಡ, ಪರಿಚಯ ಕಾರ್ಯಕ್ರಮವೂ ಬೇಡ. ಆ ದಿನ ಮಕ್ಕಳಿಗಿಂತ ದೊಡ್ಡವರ ಮೇಲೆ ಹೆಚ್ಚು ಕಣ್ಣಿಡಿ.

ನಾನು ಹೋಗಿ ಕೂತಿದ್ದ ಒಂದು ಗುಂಪಿನಲ್ಲಿ ಅಂದು ವಿದ್ಯುತ್ತಿನ ಪಾಠ. ಬ್ಯಾಟರಿ, ವೈರು, ಪುಟ್ಟ ಬಲ್ಬು ಹರಡಿಕೊಂಡು ಮಕ್ಕಳೆಲ್ಲ ನೆಲದ ಮೇಲೆ. ಒಬ್ಬ ಹುಡುಗನ ಬಲ್ಬು ಏನು ಮಾಡಿದರೂ ಹೊತ್ತುತ್ತಿಲ್ಲ. ಅವನಮ್ಮ ಹಿಂದಿನಿಂದ ಬಗ್ಗಿ ತಾವೇ ಕೈ ಹಾಕಲು ಹೊರಟರು. ಪಾಠ ನಡೆಸುತ್ತಿದ್ದ ಇನ್ನೊಂದು ಮಗುವಿನ ತಂದೆ, ‘ಮೇಡಂ, ಈ ವೈರುಗಳ ತುದಿ ಸ್ವಲ್ಪ ಸುಲಿದು ಕೊಡ್ತೀರಾ’ ಎಂದು ಒಂದು ಕಟ್ಟು ಅವರ ಕೈಗಿತ್ತರು. ಅಮ್ಮನ ಕೈಗೆ ಕೆಲಸ ಸಿಕ್ಕಿತು, ಹುಡುಗನಿಗೆ ಬಿಡುವು ಸಿಕ್ಕಿತು. ಅಷ್ಟರಲ್ಲಿ ಪಕ್ಕದ ಹುಡುಗಿ, ‘ನಿಂದು ಎರಡೂ ವೈರು ಬ್ಯಾಟರಿಯ ಒಂದೇ ತುದೀಲಿದೆ ನೋಡೋ’ ಅಂದಳು. ಹುಡುಗ ವೈರು ಬದಲಿಸಿದ. ಬಲ್ಬು ಹೊತ್ತಿಕೊಂಡಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಪಾಠ ಮುಂದುವರಿಯಿತು. ಆ ಗುಂಪಿಗೆ ನಾವು ಸೇರಿದೆವು, ಮಕ್ಕಳು ದೊಡ್ಡವರಾಗುವವರೆಗೂ ಅಲ್ಲೇ ಇದ್ದೆವು.

ನೀವು ನೋಡಬೇಕಾದದ್ದು ಇಂಥವನ್ನು. ಮಗು ತಪ್ಪಿದಾಗ ಯಾರು ಏನು ಮಾಡುತ್ತಾರೆ? ಇಬ್ಬರು ಜಗಳವಾಡಿದಾಗ ದೊಡ್ಡವರು ಎದ್ದು ಬರಲು ಎಷ್ಟು ಹೊತ್ತಾಗುತ್ತದೆ, ಬಂದವರು ಮೊದಲು ಕೇಳುತ್ತಾರೋ ತೀರ್ಪು ಕೊಡುತ್ತಾರೋ? ಹೊಸ ಮಗು ಒಂಟಿಯಾಗಿ ನಿಂತಿದ್ದರೆ ಅದರ ಬಳಿ ಮಕ್ಕಳಲ್ಲಿ ಯಾರಾದರೂ ಹೋಗುತ್ತಾರೆಯೇ? ಕೆಲಸವೆಲ್ಲ ಒಬ್ಬರೇ ಮಾಡುತ್ತಿದ್ದಾರೆಯೇ? ಇದ್ದರೆ ಆ ಒಬ್ಬರಿಗೆ ಸುಸ್ತಾದ ದಿನ ಗುಂಪೂ ಮುಗಿಯಿತು ಎಂದು ಲೆಕ್ಕ.

ಒಂದು ದಿನದಲ್ಲಿ ಎಲ್ಲ ಗೊತ್ತಾಗುವುದಿಲ್ಲ, ನಿಜ. ಒಂದು ಅವಧಿಗಷ್ಟೇ ಒಪ್ಪಿಕೊಳ್ಳಿ, ಇಡೀ ವರ್ಷದ ಶುಲ್ಕ ಮೊದಲೇ ಕಟ್ಟಬೇಡಿ. ಮಗಳ ಅಭಿಪ್ರಾಯವನ್ನು ಮೊದಲ ದಿನ ಸಂಜೆ ಕೇಳಬೇಡಿ. ಅವತ್ತು ‘ಚೆನ್ನಾಗಿಲ್ಲ’ ಅಂದೇ ಅನ್ನುತ್ತಾಳೆ. ಕೆಲವು ವಾರ ಕಳೆದ ಮೇಲೆ, ಹೊರಡುವ ದಿನ ಬೆಳಗ್ಗೆ ತಾನೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ನಾವು ಸೇರಬೇಕೆಂದಿರುವ ಗುಂಪಿನವರು ‘ನಮ್ಮದು ಶಾರ್ಲೆಟ್ ಮೇಸನ್ ಗುಂಪು’ ಅನ್ನುತ್ತಾರೆ. ಇನ್ನೊಂದು ‘ಅನ್‌ಸ್ಕೂಲಿಂಗ್’ ಗುಂಪಂತೆ. ನಾವು ಯಾವ ಪದ್ಧತಿಗೂ ಸೇರಿದವರಲ್ಲ, ಅಲ್ಲಿ ಇಲ್ಲಿ ಆಯ್ದುಕೊಂಡು ಕಲಿಸುವವರು. ನಮಗೆ ಜಾಗ ಇದೆಯೇ?

ಹೆಚ್ಚಿನವರು ಆಯ್ದುಕೊಂಡು ಕಲಿಸುವವರೇ, ಕೆಲವರು ಒಪ್ಪಿಕೊಳ್ಳುವುದಿಲ್ಲ ಅಷ್ಟೆ.

ಬೋರ್ಡಿನ ಹೆಸರಿಗಿಂತ ಅದು ಮೈದಾನದಲ್ಲಿ ಹೇಗೆ ಕಾಣುತ್ತದೆ ಎಂದು ತಿಳಿದಿದ್ದರೆ ಸಾಕು. ಶಾರ್ಲೆಟ್ ಮೇಸನ್ (1842–1923) ಇಂಗ್ಲೆಂಡಿನ ಶಿಕ್ಷಣತಜ್ಞೆ. ಅವರ ದಾರಿ ಹಿಡಿದವರಲ್ಲಿ ಪಾಠಗಳು ಚಿಕ್ಕವು. ಒಮ್ಮೆ ಓದಿದ್ದನ್ನು ಮಗು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಹೊರಗೆ ಹೋದಾಗ ಎಲೆ, ಹುಳು, ಹಕ್ಕಿ ನೋಡಿ ಪುಸ್ತಕದಲ್ಲಿ ಚಿತ್ರ ಬರೆಯುತ್ತಾರೆ. ಓಡಾಡದೆ ಐದು ನಿಮಿಷ ನಿಲ್ಲಲಾರದ ಮಗುವಿಗೆ ಈ ಕೂತು ಬರೆಯುವುದು ಶಿಕ್ಷೆ ಅನ್ನಿಸಬಹುದು, ಇನ್ನೊಂದು ಮಗುವಿಗೆ ಅದೇ ಹಬ್ಬ. ಕ್ಲಾಸಿಕಲ್ ಗುಂಪುಗಳಲ್ಲಿ ಚಿಕ್ಕವರು ಕಂಠಪಾಠ ಮಾಡುತ್ತಾರೆ, ಎಲ್ಲರೂ ಸೇರಿ ಗಟ್ಟಿಯಾಗಿ ಹೇಳುತ್ತಾರೆ. ಬೆಳೆದಂತೆ ತರ್ಕ, ಆಮೇಲೆ ವಾದಮಂಡನೆ. ಅನ್‌ಸ್ಕೂಲಿಂಗ್ ಎಂಬ ಮಾತನ್ನು 1970ರ ದಶಕದಲ್ಲಿ ಬಳಕೆಗೆ ತಂದವರು ಅಮೆರಿಕದ ಶಿಕ್ಷಕ ಜಾನ್ ಹೋಲ್ಟ್. ಅಲ್ಲಿ ಮಗುವಿನ ಕುತೂಹಲವೇ ಪಠ್ಯಕ್ರಮ. ಆದ್ದರಿಂದ ‘ಇವತ್ತು ಏನು ಕಲಿಸುತ್ತೀರಿ’ ಎಂದು ನೀವು ಕೇಳಿದರೆ ಮಿಕಿಮಿಕಿ ನೋಡುತ್ತಾರೆ.

ಗುಂಪಿನವರನ್ನು ನೇರವಾಗಿ ಒಂದೇ ಮಾತು ಕೇಳಿ: ‘ನಾವು ಮನೆಯಲ್ಲಿ ಬೇರೆ ಥರ ಕಲಿಸುತ್ತೇವೆ, ಇಲ್ಲಿಗೆ ಬಂದಾಗ ನಿಮ್ಮ ಥರ ನಡೆದುಕೊಳ್ಳುತ್ತೇವೆ, ಸರಿಯೇ?’ ‘ಧಾರಾಳವಾಗಿ’ ಎಂದರೆ ಸೇರಿ. ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ ಎಂದು ವಿಚಾರಣೆ ಶುರುವಾದರೆ ನಮಸ್ಕಾರ ಹೇಳಿ ಬನ್ನಿ.

ಮಗನಿಗೆ ಹದಿಮೂರು. ಗುಂಪಿನಲ್ಲಿ ಮಿಕ್ಕವರೆಲ್ಲ ಒಂಬತ್ತು ವರ್ಷದೊಳಗಿನವರು. ‘ನಾನೇನು ಇವರಿಗೆ ಆಯಾನಾ’ ಎಂದು ಕೇಳುತ್ತಾನೆ. ಒತ್ತಾಯ ಮಾಡಲೇ?

ಬೇಡ. ಅವನ ಪ್ರಶ್ನೆ ನ್ಯಾಯವಾದದ್ದು.

ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಇರುವುದು ಹೋಮ್‌ಸ್ಕೂಲಿಂಗಿನ ದೊಡ್ಡ ಲಾಭ ಎಂದು ನಾವೆಲ್ಲ ಹೇಳುತ್ತೇವೆ, ಅದು ನಿಜವೂ ಹೌದು. ಆದರೆ ಎಷ್ಟು ಅಂತರ ಅನ್ನುವುದಕ್ಕೂ ಒಂದು ಮಿತಿ ಇದೆ. ಮಾಂಟೆಸರಿ ಪದ್ಧತಿಯಲ್ಲಿ 3ರಿಂದ 6, 6ರಿಂದ 9, 9ರಿಂದ 12 ಎಂದು ಮೂರು ಮೂರು ವರ್ಷದ ಗುಂಪು ಮಾಡುವುದು ಸುಮ್ಮನೆ ಅಲ್ಲ. ಅಷ್ಟು ಅಂತರದಲ್ಲಿ ದೊಡ್ಡವನು ಕಲಿಸಬಲ್ಲ, ತಾನೂ ಆಡಬಲ್ಲ. ಹದಿಮೂರಕ್ಕೂ ಏಳಕ್ಕೂ ನಡುವೆ ಆಟ ನಡೆಯುವುದಿಲ್ಲ, ಕಾವಲು ನಡೆಯುತ್ತದೆ.

ಈ ವಯಸ್ಸಿನವರಿಗೆ ಹೋಮ್‌ಸ್ಕೂಲಿಂಗ್ ಗುಂಪೇ ಆಗಬೇಕೆಂದಿಲ್ಲ. ಅವನಿಗೆ ಏನರಲ್ಲಿ ಆಸಕ್ತಿಯೋ ಅದರ ಗುಂಪು ಹುಡುಕಿ: ಚೆಸ್, ಈಜು, ರೊಬೊಟಿಕ್ಸ್, ತಬಲಾ, ಚಾರಣ, ಏನಾದರೂ ಸರಿ. ಅಲ್ಲಿ ಶಾಲೆಗೆ ಹೋಗುವ ಮಕ್ಕಳೂ ಇರುತ್ತಾರೆ, ಇರಲಿ. ‘ನೀನ್ಯಾಕೆ ಶಾಲೆಗೆ ಹೋಗಲ್ಲ’ ಎಂಬ ಪ್ರಶ್ನೆಗೆ ಮೊದಲ ದಿನ ಉತ್ತರ ಕೊಟ್ಟು ಮುಗಿಸಿದರೆ ಮುಂದೆ ಎಲ್ಲರೂ ಆಟದಲ್ಲಿ ಮುಳುಗುತ್ತಾರೆ. ಹಳೆಯ ಗುಂಪಿಗೆ ನೀವು ಚಿಕ್ಕ ಮಗುವನ್ನು ಕರೆದುಕೊಂಡು ಹೋಗುತ್ತಿದ್ದರೆ ಹೋಗಿ. ಅವನಿಗೆ ಮನೆಯ ಬೀಗದ ಕೈ ಕೊಟ್ಟು ಬನ್ನಿ.

ಮಕ್ಕಳನ್ನು ಗುಂಪಿನಲ್ಲಿ ಬಿಟ್ಟು ಬರಬಹುದಾ? ಅಲ್ಲಿರುವವರೆಲ್ಲ ಒಳ್ಳೆಯವರೇ. ಕೇಳಿದರೆ ಬೇಜಾರು ಮಾಡಿಕೊಂಡಾರು ಎಂದು ಸುಮ್ಮನಿದ್ದೇನೆ.

ಕೇಳಿ. ಬೇಜಾರು ಮಾಡಿಕೊಳ್ಳುವವರಿದ್ದರೆ ಅದೂ ನಿಮಗೆ ಗೊತ್ತಾಗಬೇಕಾದ ಸಂಗತಿಯೇ.

ಸ್ಕೌಟ್ ಸಂಸ್ಥೆಗಳಲ್ಲಿ ಒಂದು ನಿಯಮವಿದೆ. ಮಕ್ಕಳ ಚಟುವಟಿಕೆ ಇರುವಲ್ಲಿ ಕನಿಷ್ಠ ಇಬ್ಬರು ವಯಸ್ಕರು, ಒಬ್ಬ ವಯಸ್ಕ ಒಂದು ಮಗುವಿನ ಜೊತೆ ಮುಚ್ಚಿದ ಬಾಗಿಲ ಹಿಂದೆ ಎಂದೂ ಇರುವಂತಿಲ್ಲ. ಯಾರ ಮೇಲೂ ಅನುಮಾನಪಟ್ಟು ಮಾಡಿದ ನಿಯಮವಲ್ಲ, ಎಲ್ಲರಿಗೂ ಒಂದೇ. ನಿಮ್ಮ ಗುಂಪಿನಲ್ಲೂ ಅದು ಬರವಣಿಗೆಯಲ್ಲಿ ಇರಲಿ. ಇದರ ಜೊತೆಗೆ ಶೌಚಾಲಯಕ್ಕೆ ಚಿಕ್ಕವರನ್ನು ಯಾರು ಕರೆದೊಯ್ಯುತ್ತಾರೆ, ಯಾವ ಮಗುವಿಗೆ ಯಾವ ಅಲರ್ಜಿ, ತುರ್ತು ಬಂದರೆ ಯಾರಿಗೆ ಫೋನು, ಸಂಜೆ ಮಗುವನ್ನು ಯಾರ ಕೈಗೆ ಒಪ್ಪಿಸಬಹುದು, ಎಲ್ಲ ಒಂದು ಹಾಳೆಯಲ್ಲಿ ಇರಬೇಕು. ‘ನಮ್ಮಲ್ಲಿ ಎಲ್ಲರೂ ಮನೆಯವರಿದ್ದಂತೆ, ಅದೆಲ್ಲ ಬೇಕಾಗಿಲ್ಲ’ ಎಂಬ ಉತ್ತರ ಬಂದರೆ ನಾನಾದರೆ ಮಗುವನ್ನು ಬಿಟ್ಟು ಬರುವುದಿಲ್ಲ. ಅಲ್ಲೇ ಕೂತಿರುತ್ತೇನೆ.

ಗುಂಪಿನ ಮಕ್ಕಳೆಲ್ಲ ಚೆನ್ನಾಗಿದ್ದಾರೆ, ನಮ್ಮ ಮಗಳು ಖುಷಿಯಾಗಿದ್ದಾಳೆ. ತೊಂದರೆ ದೊಡ್ಡವರದ್ದು. ಧರ್ಮ, ರಾಜಕೀಯ, ಲಸಿಕೆ, ಶಾಲೆಗೆ ಕಳಿಸುವವರ ಬಗ್ಗೆ ತಾತ್ಸಾರ, ಇದೇ ಮಾತು. ಈಗ ಒಂದು ನಂಬಿಕೆಯ ಪತ್ರಕ್ಕೆ ಸಹಿ ಹಾಕಬೇಕಂತೆ. ಎತ್ತು ಏರಿಗೆ, ಕೋಣ ನೀರಿಗೆ ಅಂತಾಗಿದೆ ನಮ್ಮ ಪರಿಸ್ಥಿತಿ.

ಮಾತಿಗೂ ಸಹಿಗೂ ವ್ಯತ್ಯಾಸವಿದೆ.

ಮಾತನ್ನು ಸಹಿಸಬಹುದು, ತಿರುಗಿಸಬಹುದು, ಎದ್ದು ಮಕ್ಕಳ ಕಡೆ ಹೋಗಬಹುದು. ಯಾವ ನಾಲ್ಕು ಕುಟುಂಬ ಸೇರಿದರೂ ಒಂದಲ್ಲ ಒಂದು ವಿಷಯದಲ್ಲಿ ತಕರಾರು ಇದ್ದದ್ದೇ. ಎಲ್ಲದರಲ್ಲೂ ನಿಮ್ಮ ಹಾಗೇ ಯೋಚಿಸುವ ಗುಂಪು ಬೇಕೆಂದರೆ ನಿಮ್ಮ ಮನೆಯವರಷ್ಟೇ ಉಳಿಯುತ್ತೀರಿ, ಅದೂ ಅನುಮಾನ.

ಆದರೆ ನೀವು ನಂಬದ್ದನ್ನು ನಂಬುತ್ತೇನೆ ಎಂದು ಸಹಿ ಹಾಕಬೇಡಿ, ಮಗಳ ಸ್ನೇಹಕ್ಕಾಗಿಯೂ ಬೇಡ. ಒಂದು ನಂಬಿಕೆಯವರು ಸೇರಿ ತಮಗಾಗಿ ಗುಂಪು ಕಟ್ಟಿಕೊಳ್ಳುವುದು ಅವರ ಹಕ್ಕು. ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಸೇರುವವರಿಗೆ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ನಡೆಸುವವರ ಬಳಿ ಹೋಗಿ, ಸಹಿ ಇಲ್ಲದೆ ಅತಿಥಿಯಂತೆ ಬರಬಹುದೇ ಎಂದು ಕೇಳಿ, ಕೆಲವು ಕಡೆ ಒಪ್ಪುತ್ತಾರೆ. ಒಪ್ಪದಿದ್ದರೆ, ಮಗಳಿಗೆ ಹತ್ತಿರವಾದ ಇಬ್ಬರು ಮೂವರು ಗೆಳತಿಯರ ತಾಯಂದಿರ ಜೊತೆ ಬೇರೆ ದಿನ ಸೇರುವ ಏರ್ಪಾಡು ಮಾಡಿಕೊಳ್ಳಿ. ಆ ಹುಡುಗಿಯರಿಗೆ ಬೇಕಾದದ್ದು ಒಬ್ಬರಿಗೊಬ್ಬರ ಜೊತೆ, ಗುಂಪಿನ ಹೆಸರಲ್ಲ.

ನಮ್ಮ ಸುತ್ತಮುತ್ತ ಗುಂಪೇ ಇಲ್ಲ. ನಾವೇ ಶುರು ಮಾಡಬಹುದೇ? ಕಾನೂನಿನ ತೊಡಕು ಇದೆಯೇ? ಗುಂಪು ದೊಡ್ಡದಾದರೆ ಶಾಲೆ ಅನ್ನುತ್ತಾರಾ?

ಕೊನೆಯ ಪ್ರಶ್ನೆ ಕೇಳಿದ್ದಕ್ಕೆ ಶಭಾಷ್, ಹೆಚ್ಚಿನವರಿಗೆ ಅದು ಹೊಳೆಯುವುದೇ ಇಲ್ಲ.

ಮನೆಪಾಠದ ಕಾನೂನು ದೇಶದಿಂದ ದೇಶಕ್ಕೆ ಅಜಗಜಾಂತರ. ಅಮೆರಿಕದಲ್ಲಿ 1993ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆ ಇತ್ತು, ಆದರೆ ನಿಯಮ ರಾಜ್ಯಕ್ಕೊಂದು ಥರ. ಜರ್ಮನಿಯಲ್ಲಿ ಶಾಲೆಗೆ ಹೋಗುವುದು ಕಡ್ಡಾಯ. ಅದನ್ನು ಪ್ರಶ್ನಿಸಿದ ಒಂದು ಕುಟುಂಬದ ಅರ್ಜಿಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2006ರಲ್ಲಿ ತಳ್ಳಿಹಾಕಿತು. ಸ್ವೀಡನ್ 2010ರ ಕಾಯ್ದೆಯಲ್ಲಿ ಅದನ್ನು ಅಸಾಧಾರಣ ಸಂದರ್ಭಗಳಿಗೆ ಮಾತ್ರ ಸೀಮಿತಗೊಳಿಸಿತು. ಫ್ರಾನ್ಸಿನಲ್ಲಿ ಮೊದಲು ತಿಳಿಸಿದರೆ ಸಾಕಿತ್ತು, 2022ರಿಂದ ಮುಂಚಿತವಾಗಿ ಅನುಮತಿ ಪಡೆಯಬೇಕು.

ಗುಂಪಿನ ವಿಷಯಕ್ಕೆ ಇಂಗ್ಲೆಂಡಿನ ಉದಾಹರಣೆ ಚೆನ್ನಾಗಿದೆ. ಅಲ್ಲಿ ಮಗುವನ್ನು ಮನೆಯಲ್ಲಿ ಓದಿಸಲು ಅಡ್ಡಿಯಿಲ್ಲ. ಆದರೆ ಕಡ್ಡಾಯ ಶಿಕ್ಷಣದ ವಯಸ್ಸಿನ ಐದು ಅಥವಾ ಹೆಚ್ಚು ಮಕ್ಕಳಿಗೆ ಒಂದೆಡೆ ಪೂರ್ಣಾವಧಿ ಶಿಕ್ಷಣ ಕೊಟ್ಟರೆ ಅದು ಶಾಲೆ, ನೋಂದಾಯಿಸಲೇಬೇಕು. ಹಗಲಿನಲ್ಲಿ ವಾರಕ್ಕೆ 18 ಗಂಟೆ ಮೀರಿದರೆ ಸಾಮಾನ್ಯವಾಗಿ ಪೂರ್ಣಾವಧಿ ಎಂದೇ ಅಲ್ಲಿನ ಸರ್ಕಾರ ನೋಡುತ್ತದೆ. ವಾರಕ್ಕೆ ಒಂದೆರಡು ಬೆಳಗ್ಗೆ ಸೇರುವ ಗುಂಪಿಗೆ ಇದರ ಚಿಂತೆ ಇಲ್ಲ. ‘ಎಲ್ಲರೂ ಕೆಲಸಕ್ಕೆ ಹೋಗುವವರು, ದಿನಾ ಬಿಟ್ಟು ಹೋಗೋಣ, ಒಬ್ಬ ಟೀಚರನ್ನು ಇಟ್ಟುಕೊಳ್ಳೋಣ’ ಎಂದು ಯಾರಾದರೂ ಹೇಳಿದ ದಿನ, ನೀವು ಯಾವ ದೇಶದಲ್ಲಿದ್ದರೂ ಸರಿ, ಅಲ್ಲಿನ ನಿಯಮ ತಿಳಿದವರ ಬಳಿ ಹೋಗಿ.

ಶುರು ಮಾಡುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ, ಉಳಿಸಿಕೊಳ್ಳುವುದು ಕಷ್ಟ. ಎರಡು ಕುಟುಂಬ ಸಾಕು. ಒಂದೇ ದಿನ, ಒಂದೇ ಹೊತ್ತು, ಒಂದೇ ಜಾಗ. ‘ಎಲ್ಲರಿಗೂ ಯಾವಾಗ ಅನುಕೂಲ’ ಎಂದು ಕೇಳಲು ಹೋಗಬೇಡಿ, ಆ ಚರ್ಚೆ ಎಂದೂ ಮುಗಿಯುವುದಿಲ್ಲ. ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ, ಈಜುಕೊಳದ ನೋಟಿಸ್ ಬೋರ್ಡಿನಲ್ಲಿ, ಸಂಗೀತ ಪಾಠದವರ ಬಳಿ ಒಂದು ಚೀಟಿ ಬಿಟ್ಟು ಬನ್ನಿ. ಶಾಲೆಯ ಹೊತ್ತಿನಲ್ಲಿ ಇಂಥ ಜಾಗಗಳಲ್ಲಿ ಮಗುವಿನ ಜೊತೆ ಕಾಣುವವರಲ್ಲಿ ನಿಮ್ಮವರು ಯಾರಾದರೂ ಇದ್ದೇ ಇರುತ್ತಾರೆ. ಸಂಖ್ಯೆ ಬೆಳೆದ ಮೇಲೆ ಹಣದ ವಿಷಯ ಬರುತ್ತದೆ. ಆಗ ಹಣ ಇಟ್ಟುಕೊಳ್ಳುವವರು ಒಬ್ಬರು, ಲೆಕ್ಕ ಬರೆಯುವವರು ಇನ್ನೊಬ್ಬರಿರಲಿ. ಒಳ್ಳೆಯ ಸ್ನೇಹಗಳು ಚಿಲ್ಲರೆ ಹಣಕ್ಕಾಗಿ ಮುರಿದದ್ದನ್ನು ನಾನು ಕಂಡಿದ್ದೇನೆ.

ಮಗ ಯಾರ ಜೊತೆಗೂ ಬೆರೆಯುವುದಿಲ್ಲ. ಗುಂಪಿನಲ್ಲಿ ನನ್ನ ಸೆರಗು ಬಿಡುವುದಿಲ್ಲ. ನೆಂಟರೆಲ್ಲ ‘ಶಾಲೆಗೆ ಹಾಕದ್ದಕ್ಕೇ ಹೀಗೆ’ ಅನ್ನುತ್ತಾರೆ.

ಶಾಲೆಯ ಗೇಟಿನಲ್ಲಿ ಅಮ್ಮನ ಸೆರಗು ಹಿಡಿದು ಅಳುವ ಮಕ್ಕಳನ್ನು ನಿಮ್ಮ ನೆಂಟರು ನೋಡಿಲ್ಲವೇನೋ.

ದೊಡ್ಡ ಗುಂಪು ಬಿಡಿ. ಅದೇ ಗುಂಪಿನಿಂದ ಅವನಂಥದ್ದೇ ಒಂದು ಮೆತ್ತಗಿನ ಮಗುವನ್ನು ಹುಡುಕಿ ನಿಮ್ಮ ಮನೆಗೆ ಕರೆಯಿರಿ. ತನ್ನ ಮನೆಯಲ್ಲಿ, ತನ್ನ ಆಟಿಕೆಗಳ ನಡುವೆ ಅವನು ಬೇರೆಯೇ ಹುಡುಗನಾಗಿರುತ್ತಾನೆ. ಒಬ್ಬನ ಪರಿಚಯ ಇದ್ದರೆ ಗುಂಪಿಗೆ ಹೋದಾಗ ನಿಲ್ಲಲು ಒಂದು ಜಾಗ ಸಿಕ್ಕಂತೆ. ಗುಂಪಿಗೆ ಹೋಗುವಾಗ ಎಲ್ಲರಿಗಿಂತ ಮೊದಲೇ ಹೋಗಿ. ತುಂಬಿದ ಜಾಗಕ್ಕೆ ಕಾಲಿಡುವುದಕ್ಕಿಂತ, ಖಾಲಿ ಜಾಗದಲ್ಲಿ ನಿಂತು ಒಬ್ಬೊಬ್ಬರೇ ಬರುವುದನ್ನು ನೋಡುವುದು ಇಂಥ ಮಕ್ಕಳಿಗೆ ಎಷ್ಟೋ ಹಗುರ. ಮಾತು, ನೋಟ, ಶಬ್ದ ಇವುಗಳಲ್ಲೂ ನಿಮಗೆ ಏನಾದರೂ ವ್ಯತ್ಯಾಸ ಕಾಣುತ್ತಿದ್ದರೆ ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ, ಅದನ್ನು ನೆಂಟರ ಮಾತಿನ ಜೊತೆ ಗಂಟು ಹಾಕಬೇಡಿ.

ಗುಂಪಿನ ವಾಟ್ಸ್ಆ್ಯಪ್‌ನಲ್ಲಿ ದಿನವಿಡೀ ಮೆಸೇಜು. ಸಭೆಯ ಸಮಯ ಬದಲಾದದ್ದೇ ನನಗೆ ಗೊತ್ತಾಗಲಿಲ್ಲ, ಮಕ್ಕಳನ್ನು ಕರೆದುಕೊಂಡು ಹೋಗಿ ವಾಪಸ್ ಬಂದೆ.

ಎರಡು ಗ್ರೂಪ್ ಮಾಡಿಸಿ. ಒಂದರಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಸೆಟ್ಟಿಂಗ್ ಇರಲಿ: ದಿನ, ಜಾಗ, ತರಬೇಕಾದ ಸಾಮಾನು, ಅಷ್ಟೆ. ಇನ್ನೊಂದರಲ್ಲಿ ಹರಟೆ. ಅದನ್ನು ನೀವು ಮ್ಯೂಟ್ ಮಾಡಿಕೊಳ್ಳಿ, ಯಾರಿಗೂ ಗೊತ್ತಾಗುವುದಿಲ್ಲ. ಮಕ್ಕಳ ಫೋಟೊಗಳನ್ನು ಆ ಮಗುವಿನ ಪೋಷಕರನ್ನು ಕೇಳದೆ ಎರಡರಲ್ಲೂ ಹಾಕುವಂತಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಅಡ್ಮಿನ್‌ಗೆ ಹೇಳಿ.